ಎರಡು ಸಿಡಿ, ಒಂದು ಒಡೆದ ಡಬ್ಬಿ, ಒಬ್ಬಳು ಲುಕ್ರೆಟ್ಸಿಯಾ

ಮೊದಲು ಏನು ತರಿಸಿದೆ ಅಂತ ಹೇಳಿಬಿಡುತ್ತೇನೆ. ಇಟಲಿಯ ಸಂಗೀತಗಾರ ಡೊನಿಜೆಟ್ಟಿಯ ‘ಲುಕ್ರೆಟ್ಸಿಯಾ ಬೋರ್ಜಿಯಾ’ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ಆರ್‌ಸಿಎ ಕಂಪನಿಯವರು 1966ರಲ್ಲಿ ರೋಮ್‌ನಲ್ಲಿ ರೆಕಾರ್ಡ್ ಮಾಡಿದ್ದು, ಎರಡು ಸಿಡಿ. ಹಾಡಿದವರು ಮೊಂಸೆರಾತ್ ಕಬಾಯೆ, ಆಲ್ಫ್ರೆಡೊ ಕ್ರೌಸ್, ಶರ್ಲಿ ವೆರೆಟ್, ಎಜಿಯೊ ಫ್ಲಜೆಲ್ಲೊ. ವಾದ್ಯವೃಂದ ನಡೆಸಿದವರು ಜೋನೆಲ್ ಪೆರ್ಲೆಯಾ. ಹಳೆ ಸಿಡಿ ಮಾರುವ ಒಬ್ಬರ ಹತ್ತಿರ ಆನ್‌ಲೈನ್‌ನಲ್ಲಿ ತಗೊಂಡೆ. ‘ಹೊಸದರ ಹಾಗೇ ಇದೆ’ ಅಂತ ಬರೆದಿದ್ದರು. ಬಂದಾಗ ನೋಡಿದರೆ ಡಬ್ಬಿಯ ಮುಚ್ಚಳ ಮೂಲೆಯಿಂದ ಮೂಲೆಗೆ ಸೀಳಿದೆ, ಡಿಸ್ಕ್ ಹಿಡಿದುಕೊಳ್ಳುವ ಹಲ್ಲುಗಳಲ್ಲಿ ಮೂರು ಮುರಿದು ಒಳಗೇ ಗಲಗಲ ಅಂತ ಅಲ್ಲಾಡುತ್ತಿವೆ, ಹಾಡಿನ ಸಾಹಿತ್ಯ ಇರುವ ಪುಸ್ತಿಕೆ ಮಾತ್ರ ಎಲ್ಲೂ ಇಲ್ಲ. ಮೆಸೇಜ್ ಮಾಡಿದರೆ ‘ಸಿಡಿ ಓಡ್ತಾ ಇದೆಯಲ್ಲ ಸಾರ್’ ಅನ್ನುವ ಉತ್ತರ ಬಂತು.

ಓಡುತ್ತಿದೆ, ಸುಳ್ಳು ಹೇಳಬಾರದು. ಒಂದು ಗೀರೂ ಇಲ್ಲ. ಆದರೆ ಇಟಾಲಿಯನ್ ಬಾರದವನಿಗೆ ಪುಸ್ತಿಕೆ ಇಲ್ಲದ ಒಪೆರಾ ಅಂದರೆ ಗೋಡೆಯಾಚೆ ಪಕ್ಕದ ಮನೆಯವರು ಜಗಳ ಆಡುವುದನ್ನು ಕೇಳಿದ ಹಾಗೆ. ಸಿಟ್ಟು ಗೊತ್ತಾಗುತ್ತದೆ, ಅಳು ಗೊತ್ತಾಗುತ್ತದೆ, ವಿಷಯ ಏನು ಅಂತ ಮಾತ್ರ ಗೊತ್ತಾಗುವುದಿಲ್ಲ. ಕೊನೆಗೆ ಸಾಹಿತ್ಯವನ್ನೂ ಅದರ ಇಂಗ್ಲಿಷ್ ಅನುವಾದವನ್ನೂ ನೆಟ್‌ನಲ್ಲಿ ಹುಡುಕಿ, ಪ್ರಿಂಟ್ ತೆಗೆಸಿ, ಪೆನ್ಸಿಲ್ ಹಿಡಿದುಕೊಂಡು ಕೂತೆ. ಮೂರು ವಾರದಲ್ಲಿ ಮೊದಲಿಂದ ಕೊನೆವರೆಗೆ ನಾಲ್ಕು ಸಲ ಕೇಳಿದ್ದೇನೆ. ಇಷ್ಟು ಉದ್ದ ಬರೆಯುವ ಧೈರ್ಯ ಅದರಿಂದಲೇ ಬಂದದ್ದು.

ಲುಕ್ರೆಟ್ಸಿಯಾ ಬೋರ್ಜಿಯಾ ಅಂದ ಕೂಡಲೇ ಜನಕ್ಕೆ ನೆನಪಾಗುವುದು ವಿಷ. ನಾನೂ ಹಾಗೇ ಅಂದುಕೊಂಡಿದ್ದೆ. ಉಂಗುರದಲ್ಲಿ ವಿಷದ ಪುಡಿ, ನಗುನಗುತ್ತಾ ಬಟ್ಟಲು ಮುಂದೆ ಚಾಚುವ ಚೆಲುವೆ, ಬೆಳಗಾದರೆ ಒಂದು ಹೆಣ. ಅಸಲಿ ಕತೆ ಓದಲು ಕೂತಾಗ ನನಗೆ ಆದದ್ದು ಗಾಬರಿ ಅಲ್ಲ, ಬೇಜಾರು. ಅವಳು ಯಾರಿಗಾದರೂ ವಿಷ ಹಾಕಿದಳು ಅನ್ನುವುದಕ್ಕೆ ಅವಳ ಕಾಲದ ಒಂದು ಗಟ್ಟಿ ಸಾಕ್ಷಿಯೂ ಇಲ್ಲ.

ಅವಳು ಹುಟ್ಟಿದ್ದು 1480ರಲ್ಲಿ. ಅಪ್ಪ ರೊದ್ರೀಗೊ ಬೋರ್ಜಿಯಾ, 1492ರಲ್ಲಿ ಆರನೇ ಅಲೆಕ್ಸಾಂಡರ್ ಅನ್ನುವ ಹೆಸರಲ್ಲಿ ಪೋಪ್ ಆದವನು. ಪೋಪ್‌ಗೆ ಮಗಳಾ ಅಂತ ಹುಬ್ಬೇರಿಸಬೇಡಿ, ಆಗಿನ ರೋಮ್‌ನಲ್ಲಿ ಅದು ಗುಟ್ಟೇನೂ ಆಗಿರಲಿಲ್ಲ. ಅಣ್ಣ ಚೇಸರೆ, ಊರೂರು ಗೆದ್ದುಕೊಂಡು ಹೋದ ಕ್ರೂರಿ. ಅವಳಿಗೆ ಮೂರು ಮದುವೆ ಆಯಿತು, ಮೂರನ್ನೂ ಅವಳ ಮನೆಯ ಗಂಡಸರು ಲಾಭ ನಷ್ಟ ಲೆಕ್ಕ ಹಾಕಿ ಮಾಡಿದ್ದು. 1493ರಲ್ಲಿ, ಅವಳಿಗೆ 13 ವರ್ಷ ಇದ್ದಾಗ, ಪೆಸಾರೊ ಊರಿನ ದೊರೆ ಜೊವಾನ್ನಿ ಸ್ಫೋರ್ಜಾಗೆ ಕೊಟ್ಟರು. ನಾಲ್ಕು ವರ್ಷಕ್ಕೆ ಅವನಿಂದ ಏನೂ ಉಪಯೋಗ ಇಲ್ಲ ಅಂತಾಯಿತು. ಮದುವೆ ರದ್ದು ಮಾಡಬೇಕು, ಅದಕ್ಕೊಂದು ಕಾರಣ ಬೇಕು. ಗಂಡಸ್ತನ ಇಲ್ಲ ಅಂತ ಅವನ ಕೈಯಲ್ಲೇ ಒಪ್ಪಿಸಿಕೊಂಡರು. ಅಷ್ಟು ಅವಮಾನ ಆದವನು ಸುಮ್ಮನಿರುತ್ತಾನಾ? ಅಪ್ಪನಿಗೇ ಮಗಳ ಮೇಲೆ ಕಣ್ಣು, ಅದಕ್ಕೇ ನನ್ನನ್ನು ಓಡಿಸಿದ ಅಂತ ಆಡಿಕೊಂಡ. ಐನೂರು ವರ್ಷ ದಾಟಿತು, ಆ ಒಂದು ಮಾತು ಇನ್ನೂ ಊರು ಸುತ್ತುತ್ತಿದೆ.

ಎರಡನೇ ಗಂಡ ನೇಪಲ್ಸ್ ರಾಜಮನೆತನದ ಅಲ್ಫೋನ್ಸೊ. 1500ರ ಜುಲೈನಲ್ಲಿ ಸೇಂಟ್ ಪೀಟರ್ಸ್ ಚರ್ಚಿನ ಮೆಟ್ಟಿಲ ಮೇಲೆ ಅವನನ್ನು ಯಾರೋ ಕತ್ತಿಯಿಂದ ಕಡಿದು ಹಾಕಿ ಹೋದರು. ಸಾಯಲಿಲ್ಲ. ಲುಕ್ರೆಟ್ಸಿಯಾ ಮತ್ತು ಅವನ ಅಕ್ಕ ಸಾಂಚಾ ಹಗಲು ರಾತ್ರಿ ಪಕ್ಕದಲ್ಲೇ ಕೂತು ಆರೈಕೆ ಮಾಡಿದರು. ಇಲ್ಲಿ ಒಂದು ವಿವರ ಇದೆ, ವೆನಿಸ್‌ನ ರಾಯಭಾರಿ ತನ್ನ ವರದಿಯಲ್ಲಿ ಹೇಳಿದ್ದು. ಯಾರಾದರೂ ವಿಷ ಹಾಕಿಬಿಟ್ಟಾರು ಅನ್ನುವ ಭಯಕ್ಕೆ ಇಬ್ಬರೂ ಅಡುಗೆಮನೆಯವರನ್ನು ನಂಬದೆ, ಒಂದು ಸಣ್ಣ ಪಾತ್ರೆಯಲ್ಲಿ ತಮ್ಮ ಕೈಯಾರೆ ಬೇಯಿಸಿ ಅವನಿಗೆ ತಿನ್ನಿಸುತ್ತಿದ್ದರಂತೆ. ಜಗತ್ತು ವಿಷದ ರಾಣಿ ಅಂತ ಕರೆದದ್ದು ಇವಳನ್ನು! ಒಂದು ತಿಂಗಳು ಹೀಗೆ ಕಾದರು. ಆಗಸ್ಟ್‌ನಲ್ಲಿ ಚೇಸರೆಯ ಬಂಟ ಒಳಗೆ ನುಗ್ಗಿ ಅವನ ಕತ್ತು ಹಿಸುಕಿ ಕೊಂದ. ಆಗ ಅವಳಿಗೆ 20 ವರ್ಷ, ಕೈಯಲ್ಲಿ ಇನ್ನೂ ವರ್ಷ ತುಂಬದ ಗಂಡುಮಗು, ಹೆಸರು ರೊದ್ರೀಗೊ. ಈ ಮಗುವನ್ನು ನೆನಪಿಟ್ಟುಕೊಂಡಿರಿ, ಮತ್ತೆ ಬರುತ್ತೇನೆ.

ಇಂಥವಳ ಮೇಲೆ 1833ರ ಫೆಬ್ರುವರಿಯಲ್ಲಿ ಪ್ಯಾರಿಸ್‌ನಲ್ಲಿ ಫ್ರೆಂಚ್ ಸಾಹಿತಿ ವಿಕ್ಟರ್ ಹ್ಯೂಗೊ ನಾಟಕ ಆಡಿಸಿದ. ಅವನಿಗೆ ಬೇಕಾಗಿದ್ದು ರಾಕ್ಷಸಿ. ಹಿಂದಿನ ವರ್ಷ ಅವನು ಗೂನು ಬೆನ್ನಿನ ವಿದೂಷಕನ ನಾಟಕ ಬರೆದಿದ್ದ, ವೆರ್ದಿಯ ‘ರಿಗೊಲೆಟ್ಟೊ’ ಒಪೆರಾ ಹುಟ್ಟಿದ್ದು ಅದರಿಂದಲೇ. ಅಲ್ಲಿ ಕುರೂಪದ ದೇಹದೊಳಗೆ ಅಪ್ಪನ ಪ್ರೀತಿ ಇಟ್ಟ. ಇಲ್ಲಿ ಕುರೂಪದ ಮನಸ್ಸಿನೊಳಗೆ ತಾಯಿಯ ಪ್ರೀತಿ ಇಡೋಣ ಅಂದುಕೊಂಡ. ಮುನ್ನುಡಿಯಲ್ಲಿ ತಾನೇ ಹಾಗೆ ಹೇಳಿಕೊಂಡಿದ್ದಾನೆ. ಲೆಕ್ಕಾಚಾರ ಚೆನ್ನಾಗಿದೆ, ಆದರೆ ಅದಕ್ಕೆ ಮೊದಲು ಅವಳ ಮನಸ್ಸು ಕುರೂಪ ಆಗಬೇಕಲ್ಲ, ಆದ್ದರಿಂದ ಊರಿನ ಪಾಪವನ್ನೆಲ್ಲ ತಂದು ಅವಳ ತಲೆಗೆ ಕಟ್ಟಿದ. (ಅದೇ ನಾಟಕದಲ್ಲಿ ನೆಗ್ರೋನಿ ರಾಜಕುಮಾರಿಯ ಪುಟ್ಟ ಪಾತ್ರ ಮಾಡಿದ ಜೂಲಿಯೆಟ್ ದ್ರುವೆ ಅನ್ನುವ ನಟಿಯ ಜೊತೆ ಹ್ಯೂಗೊಗೆ ಪ್ರೇಮ ಶುರುವಾಗಿ, ಅವಳು ಸಾಯುವವರೆಗೆ, ಅಂದರೆ 50 ವರ್ಷ, ನಡೆಯಿತು. ಲುಕ್ರೆಟ್ಸಿಯಾಗೆ ಕೆಟ್ಟ ಹೆಸರು, ಇವನಿಗೆ ಗೆಳತಿ.)

ಅದೇ ವರ್ಷ ಡಿಸೆಂಬರ್ 26ಕ್ಕೆ ಮಿಲಾನ್‌ನ ಲಾ ಸ್ಕಾಲಾ ರಂಗಮಂದಿರದಲ್ಲಿ ಒಪೆರಾ ರೆಡಿ. ಫೆಲೀಚೆ ರೊಮಾನಿಯ ಸಾಹಿತ್ಯ, ಗಾಯೆತಾನೊ ಡೊನಿಜೆಟ್ಟಿಯ ಸಂಗೀತ. ಒಂದು ಪೂರ್ವರಂಗ, ಎರಡು ಅಂಕ.

ಪೂರ್ವರಂಗ ವೆನಿಸ್‌ನಲ್ಲಿ ನಡೆಯುತ್ತದೆ. ಹಬ್ಬದ ರಾತ್ರಿ, ಎಲ್ಲರೂ ಮುಖವಾಡ ಹಾಕಿಕೊಂಡಿದ್ದಾರೆ. ಜೆನ್ನಾರೊ ಅನ್ನುವ ಸೈನಿಕ ಹುಡುಗ ಬೆಂಚಿನ ಮೇಲೆ ನಿದ್ದೆ ಹೋಗಿದ್ದಾನೆ. ತನ್ನ ತಾಯಿ ಯಾರೆಂದು ಅವನಿಗೆ ಗೊತ್ತಿಲ್ಲ, ಮೀನುಗಾರನ ಮನೆಯಲ್ಲಿ ಬೆಳೆದವನು. ಮುಖವಾಡ ಹಾಕಿದ ಒಬ್ಬ ಹೆಂಗಸು ಬಂದು ಅವನನ್ನೇ ನೋಡುತ್ತಾ ನಿಲ್ಲುತ್ತಾಳೆ. ಅವಳೇ ಲುಕ್ರೆಟ್ಸಿಯಾ, ಅವಳೇ ತಾಯಿ. ‘ಕೊಮೆ ಬೆಲ್ಲೊ’ ಅಂತ ಶುರುವಾಗುತ್ತದೆ, ಎಷ್ಟು ಚಂದ ಇದ್ದಾನೆ ಅಂತ ಅರ್ಥ. ದುಡ್ಡು ಕೊಟ್ಟು ಈ ಸೆಟ್ ತಗೊಳ್ಳಬೇಕಾದ್ದು ಇಲ್ಲಿಂದ ಮುಂದಿನ ಕೆಲವೇ ನಿಮಿಷಕ್ಕೆ.

ಕಬಾಯೆ ಯಾರು ಅಂತ ಕೇಳಿದರೆ, ಕ್ವೀನ್ ಬ್ಯಾಂಡಿನ ಫ್ರೆಡ್ಡಿ ಮರ್ಕ್ಯುರಿ ಜೊತೆ ‘ಬಾರ್ಸೆಲೋನಾ’ ಹಾಡಿದ ಹೆಂಗಸು, ಅವರೇ. ಆದರೆ ಅದು 1980ರ ದಶಕದ ಕೊನೆಗೆ ಆದದ್ದು. ಅವರ ಹೆಸರು ಮೇಲೆ ಬಂದದ್ದು ಈ ಪಾತ್ರದಿಂದ. 1965ರ ಏಪ್ರಿಲ್ 20, ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್. ಲುಕ್ರೆಟ್ಸಿಯಾ ಹಾಡಬೇಕಾಗಿದ್ದ ಮರ್ಲಿನ್ ಹಾರ್ನ್ ಬಸುರಿ ಅಂತ ಹಿಂದೆ ಸರಿದರು. ಅಮೆರಿಕದಲ್ಲಿ ಅಷ್ಟಾಗಿ ಯಾರಿಗೂ ಗೊತ್ತಿಲ್ಲದ, ಆಗಷ್ಟೇ 32 ತುಂಬಿದ್ದ ಬಾರ್ಸೆಲೋನಾದ ಈ ಗಾಯಕಿಯನ್ನು ಕರೆಸಿದರು. ಈ ಬಗೆಯ ಪಾತ್ರ ಅವರು ಅದುವರೆಗೆ ಹಾಡಿಯೇ ಇರಲಿಲ್ಲ. ರಾತ್ರಿ ಕಳೆಯುವಷ್ಟರಲ್ಲಿ ಹೆಸರಾದರು, ಇಪ್ಪತ್ತೈದು ನಿಮಿಷ ಚಪ್ಪಾಳೆ ಬಿತ್ತು ಅಂತ ಇವತ್ತಿಗೂ ಹೇಳುತ್ತಾರೆ. ಆ ರಾತ್ರಿಯೂ ವಾದ್ಯವೃಂದ ನಡೆಸಿದವರು ಪೆರ್ಲೆಯಾ. ರುಮೇನಿಯಾದವರು, ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಎಡಗೈಯಲ್ಲೇ ನಡೆಸುವುದನ್ನು ಕಲಿತವರು. ಮರುವರ್ಷ ಅವರಿಬ್ಬರನ್ನೂ ರೋಮ್‌ನಲ್ಲಿ ಮತ್ತೆ ಕೂಡಿಸಿ ಮಾಡಿದ್ದೇ ಈ ರೆಕಾರ್ಡಿಂಗ್.

ಈಗ ದನಿಯ ಬಗ್ಗೆ. ಮೇಲಿನ ಸ್ವರಕ್ಕೆ ಹೋದಾಗ ಸಾಮಾನ್ಯವಾಗಿ ಎಲ್ಲರೂ ದನಿ ಏರಿಸುತ್ತಾರೆ, ಏರಿಸದಿದ್ದರೆ ಸ್ವರ ನಿಲ್ಲುವುದಿಲ್ಲ. ಕಬಾಯೆ ಮೇಲೆ ಹೋದ ಹಾಗೆ ಸಣ್ಣಗೆ ಮಾಡುತ್ತಾರೆ, ಇನ್ನೂ ಸಣ್ಣಗೆ, ಇನ್ನೇನು ಕಡಿಯಿತು ಅನ್ನುವಾಗ ಆ ಎಳೆಯನ್ನು ಹಾಗೇ ಹಿಡಿದು, ಅಲ್ಲಿಂದ ಉಸಿರು ಕೂಡ ತಗೊಳ್ಳದೆ ಮುಂದಿನ ಸಾಲಿಗೆ ಇಳಿಯುತ್ತಾರೆ. ಮಲಗಿದ ಮಗು ಎದ್ದುಬಿಟ್ಟೀತು ಅಂತ ದನಿ ತಗ್ಗಿಸಿದ ಹಾಗಿದೆ ಅದು. ನಾನು ಎರಡನೇ ಸಲ ಕೇಳುವಾಗ ಅಮ್ಮ ಪಕ್ಕದಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಒಪೆರಾ ಗಿಪೆರಾ ಅವರಿಗೆ ಬೇಕಿಲ್ಲ, ‘ಏನೋ ಅದು ಕಿರುಚಾಟ’ ಅನ್ನುವ ಪಾರ್ಟಿ. ಆ ಸಾಲು ಬಂದಾಗ ಕೈ ನಿಲ್ಲಿಸಿ, ‘ಅಲ್ಲ ಕಣೋ, ಇವಳು ಉಸಿರು ಎಲ್ಲಿ ತಗೊಳ್ತಾಳೆ?’ ಅಂದರು. ಇದಕ್ಕಿಂತ ಒಳ್ಳೆ ವಿಮರ್ಶೆ ನನ್ನಿಂದ ಬರೆಯುವುದಕ್ಕೆ ಆಗುವುದಿಲ್ಲ.

ಹುಡುಗ ಏಳುತ್ತಾನೆ, ಇಬ್ಬರೂ ಮಾತಾಡುತ್ತಾರೆ, ಅವನು ತನಗೆ ಗೊತ್ತಿಲ್ಲದ ತಾಯಿಯ ಬಗ್ಗೆ ಹೇಳಿಕೊಳ್ಳುತ್ತಾನೆ. ಕ್ರೌಸ್ ಇಲ್ಲಿ ಬಹಳ ಶುದ್ಧ, ಒಂದು ಸ್ವರವೂ ಆಚೀಚೆ ಇಲ್ಲ. ನನಗೆ ಒಂಚೂರು ಜಾಸ್ತಿಯೇ ಶಿಸ್ತು ಅನ್ನಿಸಿತು. ಹಾದಿಬೀದಿಯಲ್ಲಿ ಬೆಳೆದ ಸೈನಿಕನಿಗಿಂತ ಬೋರ್ಡಿಂಗ್ ಸ್ಕೂಲಿನ ಹುಡುಗನ ಹಾಗೆ. ಕ್ರೌಸ್ ಭಕ್ತರು ಬೈಯಬೇಡಿ.

ಆಮೇಲೆ ಬರುವುದೇ ನಾನು ನಾಲ್ಕು ಸಲವೂ ಹಿಂದೆ ಮಾಡಿ ಮಾಡಿ ಕೇಳಿದ ಜಾಗ. ಜೆನ್ನಾರೊನ ಗೆಳೆಯರು ಅವಳನ್ನು ಗುರುತು ಹಿಡಿಯುತ್ತಾರೆ. ಐದು ಜನ ಸುತ್ತುವರಿದು, ಒಬ್ಬೊಬ್ಬರೇ ಮುಂದೆ ಬಂದು ತಮ್ಮ ಹೆಸರು ಹೇಳುತ್ತಾರೆ, ನೀನು ನಮ್ಮ ಮನೆಯ ಯಾರನ್ನು ಕೊಂದೆ ಅಂತಲೂ ಹೇಳುತ್ತಾರೆ. ನಾನು ಮಫ್ಫಿಯೊ ಓರ್ಸೀನಿ, ಮಲಗಿದ್ದ ನನ್ನಣ್ಣನನ್ನು ಕೊಲ್ಲಿಸಿದವಳು ನೀನು. ನಾನು ವಿಟೆಲ್ಲಿ. ನಾನು ಲಿವೆರೊತ್ತೊ. ಹೀಗೆ ಒಂದರ ಮೇಲೊಂದು ಏಟು, ವಾದ್ಯಗಳು ಹಿಂದಿನಿಂದ ತಳ್ಳುತ್ತಲೇ ಇರುತ್ತವೆ. ಅವಳು ಬೇಡ, ಅವನ ಮುಂದೆ ಬೇಡ ಅಂತ ಗೋಗರೆಯುತ್ತಾಳೆ. ಕೊನೆಗೆ ಮುಖವಾಡ ಕಿತ್ತು ಅವಳ ಹೆಸರನ್ನು ಮಗನ ಎದುರೇ ಕೂಗುತ್ತಾರೆ. ರಂಗದ ಮೇಲೆ ಮಾಡಬಹುದಾದ ಅವಮಾನದಲ್ಲಿ ಇದಕ್ಕಿಂತ ದೊಡ್ಡದು ನಾನು ಕೇಳಿಲ್ಲ.

ಈಗ ಆ ಹೆಸರುಗಳನ್ನು ನೋಡಿ. 1502ರ ಡಿಸೆಂಬರ್ 31ರಂದು ಸೆನಿಗಾಲಿಯಾ ಊರಿನಲ್ಲಿ ಚೇಸರೆ ಬೋರ್ಜಿಯಾ ತನ್ನ ಮೇಲೆ ತಿರುಗಿಬಿದ್ದಿದ್ದ ದಳಪತಿಗಳನ್ನು ರಾಜಿ ಅಂತ ಕರೆದು ಬಲೆಗೆ ಹಾಕಿದ. ವಿಟೆಲ್ಲೊಝೊ ವಿಟೆಲ್ಲಿ, ಫೆರ್ಮೊ ಊರಿನ ಒಲಿವೆರೊತ್ತೊ, ಇಬ್ಬರನ್ನೂ ಆ ರಾತ್ರಿಯೇ ಕತ್ತು ಹಿಸುಕಿಸಿದ. ಇಬ್ಬರು ಓರ್ಸೀನಿಗಳನ್ನು ಕೆಲವು ದಿನ ಬಿಟ್ಟು. ಅದೇ ಕಾಲದ ರಾಜಕೀಯ ಬರಹಗಾರ ಮಕಿಯಾವೆಲ್ಲಿ ಇದನ್ನೆಲ್ಲ ಕೂತು ಬರೆದಿಟ್ಟಿದ್ದಾನೆ. ಲುಕ್ರೆಟ್ಸಿಯಾ ಆಗ ಎಲ್ಲಿದ್ದಳು? ಫೆರ್ರಾರಾದಲ್ಲಿ, ಮೂರನೇ ಗಂಡನ ಮನೆಯಲ್ಲಿ, ಆ ಊರಿಗೆ ಬಂದು ವರ್ಷವೂ ಆಗಿರಲಿಲ್ಲ. ಅಂದರೆ ಹ್ಯೂಗೊ ಮಾಡಿದ್ದಿಷ್ಟೇ, ಅಣ್ಣನ ಸಾಲದ ಪತ್ರ ತಗೊಂಡು ತಂಗಿಯ ಹೆಸರು ಬರೆದ. ಕೊಂದವನು ಅವನು, ನಾಟಕದಲ್ಲಿ ಮೈಮೇಲೆ ಉಗುಳಿಸಿಕೊಂಡವಳು ಇವಳು. ಪ್ರಿಂಟ್ ತೆಗೆಸಿದ ಹಾಳೆಯಲ್ಲಿ ಆ ಐದು ಹೆಸರಿನ ಪಕ್ಕ ಪೆನ್ಸಿಲ್‌ನಲ್ಲಿ ‘ಚೇಸರೆ, ಚೇಸರೆ’ ಅಂತ ಬರೆಯುತ್ತಾ ಹೋದಾಗ ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೂ ಮತ್ತೆ ಹಿಂದೆ ಮಾಡಿ ಕೇಳಿದೆ. ಸಂಗೀತ ಹಾಗಿದೆ, ಏನು ಮಾಡುವುದು.

ಮುಂದಿನ ಕತೆ ಸ್ವಲ್ಪ ಬೇಗ ಹೇಳುತ್ತೇನೆ. ಫೆರ್ರಾರಾದ ಅರಮನೆ ಗೋಡೆ ಮೇಲೆ ಬೋರ್ಜಿಯಾ ಅಂತ ಲಾಂಛನ ಇದೆ. ಜೆನ್ನಾರೊ ಸಿಟ್ಟಲ್ಲಿ ಚಾಕುವಿನಿಂದ ಮೊದಲಕ್ಷರ ಕಿತ್ತು ಹಾಕುತ್ತಾನೆ. ಉಳಿದದ್ದು ‘ಓರ್ಜಿಯಾ’, ಅಂದರೆ ಕುಡಿದು ಕುಣಿದು ಲಜ್ಜೆಗೆಟ್ಟ ಗೋಷ್ಠಿ. ಈ ಶ್ಲೇಷೆ ಕನ್ನಡ ಲಿಪಿಯಲ್ಲೂ ಸರಿಯಾಗಿ ಕೂರುತ್ತದೆ ನೋಡಿ, ‘ಬ’ ತೆಗೆದರೆ ಆಯಿತು. ಯಾರು ಮಾಡಿದ್ದು ಅಂತ ಗೊತ್ತಿಲ್ಲದೆ ಲುಕ್ರೆಟ್ಸಿಯಾ ಗಂಡನ ಹತ್ತಿರ ಹೋಗಿ, ಮಾಡಿದವನಿಗೆ ಸಾವೇ ಆಗಬೇಕು ಅಂತ ಮಾತು ತಗೊಳ್ಳುತ್ತಾಳೆ. ಅವನು ಆಗಲಿ ಅಂದು ಕೈದಿಯನ್ನು ಒಳಗೆ ಕರೆಸುತ್ತಾನೆ. ಬಂದವನು ಜೆನ್ನಾರೊ. ಅವನು ಹೆಂಡತಿಯ ಗೆಳೆಯ ಅಂತ ಗಂಡನಿಗೆ ಗುಮಾನಿ. ಕತ್ತಿಯೋ ವಿಷವೋ, ನೀನೇ ಆರಿಸು ಅಂತ ಹೆಂಡತಿಗೆ ಹೇಳುತ್ತಾನೆ. ಬೆಳ್ಳಿ ಹೂಜಿಯಿಂದ ತನಗೆ, ಬಂಗಾರದ ಹೂಜಿಯಿಂದ ಹುಡುಗನಿಗೆ. ಬಂಗಾರದ್ದರಲ್ಲಿ ಇರುವುದು ವಿಷ, ಸುರಿಯಬೇಕಾದವಳು ತಾಯಿ. ಈ ಮೂವರ ಹಾಡಿನಲ್ಲಿ ಫ್ಲಜೆಲ್ಲೊ ಬಹಳ ಚೆನ್ನಾಗಿದ್ದಾರೆ. ದಪ್ಪ ದನಿ, ಕೂಗುವುದಿಲ್ಲ, ಒಳಗೊಳಗೇ ನಗುವ ಮನುಷ್ಯನ ಹಾಗೆ. ಗಂಡ ಆಚೆ ಹೋದ ಮೇಲೆ ಅವಳು ಪ್ರತಿವಿಷ ಕೊಟ್ಟು, ಓಡು ಅನ್ನುತ್ತಾಳೆ.

ಅಸಲಿ ಗಂಡ ಅಲ್ಫೋನ್ಸೊ ದ’ಎಸ್ತೆ ಇಷ್ಟು ಕೆಟ್ಟವನೇನಲ್ಲ, ಫಿರಂಗಿ ಎರಕ ಹೊಯ್ಯುವ ಹುಚ್ಚು ಇದ್ದವನು. 1519ರ ಜೂನ್‌ನಲ್ಲಿ, ಹೆರಿಗೆಯಾಗಿ ಹತ್ತು ದಿನಕ್ಕೆ, 39ನೇ ವಯಸ್ಸಿಗೆ ಲುಕ್ರೆಟ್ಸಿಯಾ ತೀರಿಕೊಂಡಾಗ, ಕಣ್ಣೀರಿಲ್ಲದೆ ಇದನ್ನು ಬರೆಯಲಾಗುತ್ತಿಲ್ಲ ಅನ್ನುವ ಅರ್ಥದಲ್ಲಿ ಸೋದರಳಿಯನಿಗೆ ಕಾಗದ ಬರೆದ. ಆ ಕಾಗದದ ಮೇಲೆ ಯಾರೂ ಒಪೆರಾ ಬರೆಯಲಿಲ್ಲ.

ಕೊನೆಯ ಅಂಕ ನೆಗ್ರೋನಿ ರಾಜಕುಮಾರಿಯ ಮನೆಯ ಔತಣ. ಓರ್ಸೀನಿ ಲೋಟ ಎತ್ತಿ ಹಾಡುತ್ತಾನೆ. ಗಂಡುಹುಡುಗನ ಪಾತ್ರ, ಹಾಡುವವಳು ಹೆಂಗಸು, ಡೊನಿಜೆಟ್ಟಿ ಬರೆದಿದ್ದೇ ಹಾಗೆ. ಶರ್ಲಿ ವೆರೆಟ್ ಇಲ್ಲಿ ಇಡೀ ಸೆಟ್ಟನ್ನೇ ಕದ್ದುಬಿಡುತ್ತಾರೆ. ಸುಖವಾಗಿರುವ ಗುಟ್ಟು ನನಗೆ ಗೊತ್ತು, ನಾಳೆಯ ಚಿಂತೆ ಬಿಡಿ, ಕುಡಿಯಿರಿ ಅಂತ ಒಂದು ಚರಣ. ಅಷ್ಟರಲ್ಲಿ ದೂರದಲ್ಲಿ ಗಂಟೆ. ಹೊರಗಿಂದ ಗಂಡಸರ ದನಿ, ಲೌಕಿಕರ ಸುಖ ಹೊಗೆಯ ಹಾಗೆ ಹಾರಿಹೋಗುತ್ತದೆ ಅಂತ. ಹುಡುಗರು ಒಂದು ಕ್ಷಣ ತಡೆಯುತ್ತಾರೆ, ನಕ್ಕು ಎರಡನೇ ಚರಣ ಶುರು ಮಾಡುತ್ತಾರೆ. ವೆರೆಟ್ ಮೊದಲ ಚರಣವನ್ನು ಕುಣಿಯುತ್ತಾ ಹಾಡಿದರೆ ಎರಡನೆಯದನ್ನು ಸ್ವಲ್ಪ ಜೋರು ಮಾಡುತ್ತಾರೆ. ಹೆದರಿಕೆ ಆದವನು ಇನ್ನೂ ಜಾಸ್ತಿ ಗಲಾಟೆ ಮಾಡುತ್ತಾನಲ್ಲ, ಆ ಥರ. ಮತ್ತೆ ಗಂಟೆ. ದೀಪಗಳು ಆರುತ್ತವೆ. ಬಾಗಿಲು ತೆರೆದರೆ ಅಲ್ಲಿ ಲುಕ್ರೆಟ್ಸಿಯಾ. ವೆನಿಸ್‌ನಲ್ಲಿ ನೀವು ನನಗೆ ಮಾಡಿದ ಉಪಚಾರಕ್ಕೆ ಇದು ನನ್ನ ಊಟ, ನಿಮಗೆ ಐದು ಶವಪೆಟ್ಟಿಗೆ ಸಿದ್ಧ ಇದೆ ಅನ್ನುತ್ತಾಳೆ. ಆಗ ಜೆನ್ನಾರೊ ಗುಂಪಿನಿಂದ ಮುಂದೆ ಬಂದು, ಐದು ಸಾಲದು, ಆರು ಬೇಕು ಅನ್ನುತ್ತಾನೆ. ಓಡಿಹೋದ ಅಂದುಕೊಂಡಿದ್ದ ಮಗ ಗೆಳೆಯರ ಜೊತೆ ಅಲ್ಲೇ ಕೂತು ಕುಡಿದಿದ್ದಾನೆ. ಕಬಾಯೆ ಇಲ್ಲಿ ಹಾಡುವುದಿಲ್ಲ, ಸುಮ್ಮನೆ ಒಂದು ಕೂಗು ಬಿಡುತ್ತಾರೆ. ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದೆ, ಬೆನ್ನು ಜುಂ ಅಂತು.

ಪ್ರತಿವಿಷ ಒಬ್ಬನಿಗೆ ಸಾಕಾಗುವಷ್ಟೇ ಇದೆ. ಗೆಳೆಯರಿಗೆ ಇಲ್ಲದ್ದು ನನಗೂ ಬೇಡ ಅನ್ನುತ್ತಾನೆ. ‘ಮೋದಿ, ಆಹ್ ಮೋದಿ’, ಕೇಳು, ನನ್ನ ಮಾತು ಕೇಳು ಅಂತ ಅವಳು ಬೇಡುತ್ತಾಳೆ. ನೀನೂ ಬೋರ್ಜಿಯಾನೇ, ನಾನು ನಿನ್ನ ತಾಯಿ ಅಂತ ಕೊನೆಗೂ ಹೇಳುವ ಹೊತ್ತಿಗೆ ತಡವಾಗಿದೆ.

ಇದಾದ ಮೇಲೆ ಒಂದು ತಕರಾರು. ಮಗನ ಹೆಣ ಮುಂದೆ ಬಿದ್ದಿದೆ, ತಾಯಿ ಎದ್ದು ನಿಂತು ಗಮಕಗಳ ಮಳೆ ಸುರಿಸುತ್ತಾ ಒಂದು ಭರ್ಜರಿ ಹಾಡು ಹಾಡುತ್ತಾಳೆ. ಇದು ಮೊದಲ ಲುಕ್ರೆಟ್ಸಿಯಾ ಹಾಡಿದ ಹೆನ್ರಿಯೆಟ್ ಮೆರಿಕ್ ಲಲಾಂದ್ ಹಟ ಹಿಡಿದು ಬರೆಸಿಕೊಂಡದ್ದು. ನಾಯಕಿ ನಾನು, ತೆರೆ ಬೀಳುವಾಗ ಹಾಡು ನನ್ನದೇ ಇರಬೇಕು ಅಂತ. ಡೊನಿಜೆಟ್ಟಿಗೆ ಇದು ಇಷ್ಟ ಇರಲಿಲ್ಲ. ಮುಂದೆ ಅದನ್ನು ಕಿತ್ತು, ಜೆನ್ನಾರೊ ಸಾಯುತ್ತಾ ಹಾಡುವ ಒಂದು ಸಣ್ಣ ಭಾಗ ಬರೆದ. ಈ ಸೆಟ್‌ನಲ್ಲಿ ಇರುವುದು ನಾಯಕಿಯ ಹಾಡು. ಬುದ್ಧಿಯ ಮಾತು ಕೇಳಿದರೆ ಡೊನಿಜೆಟ್ಟಿ ಹೇಳಿದ್ದೇ ಸರಿ. ಆದರೆ ಕಬಾಯೆ ಅದನ್ನು ಆಡಂಬರಕ್ಕೆ ಹಾಡಿಲ್ಲ. ಅಳು ಬಾರದೆ ತಲೆ ಕೆಟ್ಟವಳು ಒಂದೇ ಸಮ ಮಾತಾಡುತ್ತಾಳಲ್ಲ, ಅದರ ಹಾಗೆ ಕೇಳುತ್ತದೆ. ಆದ್ದರಿಂದ ಕ್ಷಮಿಸಿದ್ದೇನೆ.

ಮೊದಲು ಹೇಳಿದ ಮಗುವಿಗೆ ಬರುತ್ತೇನೆ. 1502ರ ಜನವರಿಯಲ್ಲಿ ಲುಕ್ರೆಟ್ಸಿಯಾ ಮೂರನೇ ಗಂಡನ ಮನೆಗೆ ಹೊರಟಾಗ, ಹಿಂದಿನ ಮದುವೆಯ ಮಗುವನ್ನು ಜೊತೆಗೆ ಕರೆದುಕೊಂಡು ಹೋಗುವ ಹಾಗಿರಲಿಲ್ಲ. ರೊದ್ರೀಗೊಗೆ ಆಗ ಎರಡು ವರ್ಷ. ರೋಮ್‌ನಲ್ಲೇ ಬಿಟ್ಟು ಹೋದಳು. ಅವನು ಎಲ್ಲೆಲ್ಲೋ ಬೆಳೆದು 1512ರಲ್ಲಿ, 12 ವರ್ಷಕ್ಕೆ, ದೂರದ ಬಾರಿ ಊರಿನಲ್ಲಿ ಸತ್ತ. ತಾಯಿ ಮಗ ಮತ್ತೆ ಮುಖ ನೋಡಲಿಲ್ಲ. ಸುದ್ದಿ ಬಂದಾಗ ಅವಳು ಕೆಲವು ದಿನ ಸನ್ಯಾಸಿನಿಯರ ಮಠಕ್ಕೆ ಹೋಗಿ ಉಳಿದುಬಿಟ್ಟಳು. ಹ್ಯೂಗೊ ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಬರೆದ ಅಂತ ನನಗೆ ಅನ್ನಿಸುವುದಿಲ್ಲ, ಅವನಿಗೆ ಬೇಕಾಗಿದ್ದು ರಾಕ್ಷಸಿ ಮತ್ತು ತಾಯಿ ಅನ್ನುವ ಜೋಡಿ. ಆದರೆ ವಿಷ ಸುಳ್ಳು, ಕೊಲೆ ಸುಳ್ಳು, ಶವಪೆಟ್ಟಿಗೆ ಸುಳ್ಳು ಆದ ಈ ಕತೆಯಲ್ಲಿ ಕೈ ತಪ್ಪಿ ನಿಜವಾದದ್ದು ಒಂದೇ, ದೂರದಲ್ಲಿ ಬೆಳೆಯುವ ಮಗನನ್ನು ನನ್ನವನು ಅನ್ನಲಾಗದ ತಾಯಿ. ಕಬಾಯೆ ಹಾಡಿರುವುದು ಅವಳನ್ನೇ. ಬೇರೆಯವರು ವಿಷದ ರಾಣಿಯನ್ನು ಹಾಡಿ ನಡುವೆ ಒಂದೆರಡು ಸಲ ತಾಯಿಯಾಗುತ್ತಾರೆ. ಇವರು ಮೊದಲ ಸಾಲಿನಿಂದ ತಾಯಿ, ನಡುವೆ ಒಂದೆರಡು ಸಲ ಬೋರ್ಜಿಯಾ.

ಅವಳು ಬದುಕಿರುವಾಗಲೇ ಅವಳನ್ನು ಹೊಗಳಿದವರೂ ಇದ್ದರು ಅನ್ನುವುದನ್ನು ಮರೆಯಬಾರದು. ಫೆರ್ರಾರಾದ ಆಸ್ಥಾನದಲ್ಲಿದ್ದ ಕವಿ ಅರಿಯೋಸ್ತೊ ತನ್ನ ದೊಡ್ಡ ಕಾವ್ಯದಲ್ಲಿ ಅವಳನ್ನು ಹಳೆ ರೋಮ್‌ನ ಪತಿವ್ರತೆ ಲುಕ್ರೇಶಿಯಾಗಿಂತ ಮೇಲೆ ಕೂರಿಸಿದ. ದಣಿಗಳ ಮನೆಯವಳು, ಹೊಗಳಲೇಬೇಕಿತ್ತು, ಅದನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಪಿಯೆತ್ರೊ ಬೆಂಬೊ ಅನ್ನುವ ಕವಿ ಬೇರೆ. ಅವನಿಗೂ ಅವಳಿಗೂ ಓಡಾಡಿದ ಪ್ರೇಮದ ಕಾಗದಗಳು ಮಿಲಾನ್‌ನ ಅಂಬ್ರೋಸಿಯಾನಾ ಗ್ರಂಥಾಲಯದಲ್ಲಿವೆ, ಜೊತೆಗೆ ಅವಳದೆನ್ನುವ ಹೊಂಬಣ್ಣದ ಕೂದಲಿನ ಒಂದು ಕುಚ್ಚು. 1816ರಲ್ಲಿ ಅಲ್ಲಿಗೆ ಹೋದ ಇಂಗ್ಲಿಷ್ ಕವಿ ಬೈರನ್ ಆ ಕಾಗದ ಓದಿ ಕರಗಿಹೋಗಿ, ಕಾವಲಿನವರ ಕಣ್ಣು ತಪ್ಪಿಸಿ ಒಂದು ಕೂದಲು ಕದ್ದ. ಸತ್ತು ಮುನ್ನೂರು ವರ್ಷ ಆದ ಮೇಲೂ ಗಂಡಸರು ಅವಳ ತಲೆಗೆ ಕೈ ಹಾಕುವುದು ಬಿಡಲಿಲ್ಲ. 1874ರಲ್ಲಿ ಗ್ರೆಗೊರೋವಿಯಸ್ ಅನ್ನುವ ಜರ್ಮನ್ ಇತಿಹಾಸಕಾರ ಹಳೆ ದಾಖಲೆ ತೆಗೆದು ಅವಳ ಮೇಲಿನ ಆರೋಪಕ್ಕೆ ಆಧಾರ ಇಲ್ಲ ಅಂತ ತೋರಿಸಿದ. ಅಷ್ಟು ಹೊತ್ತಿಗೆ ಒಪೆರಾಕ್ಕೆ 40 ವರ್ಷ ಆಗಿತ್ತು, ಎಲ್ಲ ಕಡೆ ಹಾಡಾಗಿತ್ತು. ದಾಖಲೆಗೆ ಕಾಲಿಲ್ಲ, ಹಾಡಿಗೆ ರೆಕ್ಕೆ.

ಹ್ಯೂಗೊ ಬಗ್ಗೆ ಇನ್ನೊಂದು ಹೇಳದೆ ಇರಲಾರೆ. 1840ರಲ್ಲಿ ಈ ಒಪೆರಾ ಪ್ಯಾರಿಸ್‌ಗೆ ಬಂದಾಗ, ನನ್ನ ಕತೆ ನನ್ನನ್ನು ಕೇಳದೆ ಬಳಸಿದ್ದಾರೆ ಅಂತ ತಕರಾರು ತೆಗೆದು ನಿಲ್ಲಿಸಿದ. ಕೊನೆಗೆ ಹೆಸರು ಬದಲಾಯಿಸಿ, ಇಟಲಿಯವರನ್ನು ತುರ್ಕಿಯವರನ್ನಾಗಿ ಮಾಡಿ ಆಡಬೇಕಾಯಿತು. ಅವಳ ಹೆಸರು ಬಳಸುವಾಗ ಇವನು ಯಾರನ್ನು ಕೇಳಿದ್ದ, ಅಲ್ವಾ?

ಇನ್ನು ಯಾವುದು ಕೊಳ್ಳಬೇಕು ಅನ್ನುವ ಪ್ರಶ್ನೆ. ಡೆಕ್ಕಾ ಕಂಪನಿಯವರದು, ಜೋನ್ ಸದರ್ಲೆಂಡ್ ಲುಕ್ರೆಟ್ಸಿಯಾ ಹಾಡಿದ ಸೆಟ್ ಕೂಡ ಇದೆ, 1970ರ ದಶಕದ್ದು, ಓರ್ಸೀನಿ ಹಾಡಿದವರು ಅದೇ ಮರ್ಲಿನ್ ಹಾರ್ನ್. ಬಸುರಿಯಾಗಿ ಬಿಟ್ಟುಕೊಟ್ಟ ಒಪೆರಾಕ್ಕೆ ಬೇರೆ ಪಾತ್ರದಲ್ಲಿ ವಾಪಸ್ ಬಂದ ಹಾಗೆ. ಸ್ನೇಹಿತರ ಮನೆಯಲ್ಲಿ ಒಮ್ಮೆ ಕೇಳಿದ್ದೇನೆ. ಗಂಟಲಿನ ಕಸರತ್ತು ನೋಡಬೇಕು ಅನ್ನುವವರಿಗೆ ಅದೇ ಸರಿ, ಸದರ್ಲೆಂಡ್ ಗಮಕ ಹಾಕಿದರೆ ಮಣಿ ಉರುಳಿದ ಹಾಗೆ. ಆದರೆ ಮಾತು ಕಿವಿಗೆ ಬೀಳುವುದಿಲ್ಲ. ನನಗೆ ಅಳಿಸಿದ್ದು ಇದು.

ದನಿಮುದ್ರಣ ಅದರ ವಯಸ್ಸಿಗೆ ಚೆನ್ನಾಗಿದೆ. ಗುಂಪಿನ ಹಾಡು ಬಂದಾಗ ಸ್ವಲ್ಪ ಕಲಸುಮೇಲೋಗರ, ತುತ್ತೂರಿಗಳು ಅಂಚಿನಲ್ಲಿ ಒರಟು. ಪೆರ್ಲೆಯಾ ಕೆಲವು ಕಡೆ ನಿಧಾನ, ಗಾಯಕಿಗೆ ಉಸಿರಿಗೆ ಜಾಗ ಬಿಡುವುದಕ್ಕೆ ಅಂತ ಕಾಣುತ್ತದೆ. ದಯವಿಟ್ಟು ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ, ಆ ಸಣ್ಣ ಸ್ವರಗಳು ಅದರಲ್ಲಿ ಸತ್ತೇ ಹೋಗುತ್ತವೆ. ಒಟ್ಟಿಗೆ ಎರಡು ಗಂಟೆಗೂ ಮೇಲೆ ಕೂರುವುದಕ್ಕೆ ಆಗದಿದ್ದರೆ ಪೂರ್ವರಂಗ ಒಂದು ದಿನ ಕೇಳಿ, ಔತಣದಿಂದ ಕೊನೆವರೆಗೆ ಇನ್ನೊಂದು ದಿನ. ಹಾಳೆ ಕೈಯಲ್ಲಿರಲಿ.

ಸ್ಟಾರ್ ಕೊಡಲೇಬೇಕಂತೆ. ಹಾಡಿಗೆ ಐದು, ಮಾರಿದವರಿಗೆ ಎರಡು. ಪುಸ್ತಿಕೆ ಹುಡುಕಿ ಕಳಿಸುತ್ತೇನೆ ಅಂದಿದ್ದರು. ನಿನ್ನೆ ಒಂದು ಲಕೋಟೆ ಬಂತು, ಆಸೆಯಿಂದ ಹರಿದು ನೋಡಿದರೆ ಪುಸ್ತಿಕೆ ಇದೆ, ರಿಗೊಲೆಟ್ಟೊದ್ದು.